ಸಚಿವರಿಗೊಂದು ಲಿಖಿತ ಪ್ರಶ್ನೆ: ಉತ್ತರ ಕೇಳುವ ಹಕ್ಕನ್ನು ನಾವು ಬಳಸುತ್ತಿದ್ದೇವೆಯೇ?

ಪ್ರಜಾಪ್ರಭುತ್ವದಲ್ಲಿ ಪ್ರಜೆಗಳೇ ಪ್ರಭುಗಳು ಎಂಬ ಮಾತನ್ನು ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ನಮ್ಮ ಪ್ರಭುತ್ವವು ಐದು ವರ್ಷಕ್ಕೊಮ್ಮೆ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದರೊಂದಿಗೆ ಮುಗಿಯಿತೆಂದು ತಿಳಿದವರೇ ಹೆಚ್ಚು. ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆಯವರೆಗೆ ಸಚಿವರು ಏನು ಮಾಡುತ್ತಿದ್ದಾರೆ, ಮಂಜೂರಾದ ಹಣ ಎಲ್ಲಿಗೆ ಹೋಯಿತು, ಕೊಟ್ಟ ಮಾತು ಏನಾಯಿತು ಎಂದು ಕೇಳುವವರು ಯಾರು? ಹಾಗೆ ಕೇಳಲು ನಮ್ಮ ಸಂಸತ್ತಿನಲ್ಲಿ ಒಂದು ಸರಳ ವ್ಯವಸ್ಥೆಯಿದೆ. ಅದುವೇ ಪ್ರಶ್ನೆ. ಅದರಲ್ಲಿಯೂ ಹೆಚ್ಚು ಸದ್ದುಗದ್ದಲವಿಲ್ಲದೆ ನಡೆಯುವ ಲಿಖಿತ ಪ್ರಶ್ನೆ.

ದೂರದರ್ಶನದಲ್ಲಿ ನಾವು ನೋಡುವುದು ಸದನದ ಕೂಗಾಟವನ್ನು. ಆದರೆ ಅದೇ ದಿನ ನೂರಾರು ಪ್ರಶ್ನೆಗಳಿಗೆ ಸಚಿವರ ಉತ್ತರಗಳು ಸದನದ ಮೇಜಿನ ಮೇಲೆ ಬಂದು ಕುಳಿತಿರುತ್ತವೆ. ಅವುಗಳಲ್ಲಿ ನಮ್ಮ ಬಂದರು, ನಮ್ಮ ಹೆದ್ದಾರಿ, ನಮ್ಮ ಮೀನುಗಾರರು, ಗಲ್ಫಿನಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳ ವಿಷಯವೂ ಇರಬಹುದು. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಫಲ ಕೊಡುತ್ತದೆ, ಎಲ್ಲಿ ಸೋಲುತ್ತದೆ ಮತ್ತು ಸಾಮಾನ್ಯರಾದ ನಾವು ಇದನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಸಚಿವರು ಏಕೆ ಉತ್ತರಿಸಬೇಕು?

ನಮ್ಮ ಸಂವಿಧಾನದ 75ನೇ ವಿಧಿಯ ಪ್ರಕಾರ ಕೇಂದ್ರದ ಮಂತ್ರಿಮಂಡಲವು ಸಾಮೂಹಿಕವಾಗಿ ಲೋಕಸಭೆಗೆ ಹೊಣೆಯಾಗಿರುತ್ತದೆ. 164ನೇ ವಿಧಿಯು ರಾಜ್ಯದ ಮಂತ್ರಿಮಂಡಲವನ್ನು ಅದೇ ರೀತಿ ವಿಧಾನಸಭೆಗೆ ಹೊಣೆಯಾಗಿಸಿದೆ. ಹೊಣೆ ಎಂದ ಮೇಲೆ ಲೆಕ್ಕ ಒಪ್ಪಿಸಲೇಬೇಕು. ಮನೆಯ ಖರ್ಚಿಗೆ ಹಣ ಪಡೆದವನು ಸಂಜೆ ಲೆಕ್ಕ ಹೇಳುವಂತೆ, ಜನರ ತೆರಿಗೆಯ ಹಣವನ್ನು ಖರ್ಚು ಮಾಡುವ ಸಚಿವರು ಜನರ ಪ್ರತಿನಿಧಿಗಳಿಗೆ ಲೆಕ್ಕ ಹೇಳಬೇಕು. ಇದು ಸಚಿವರು ಮಾಡುವ ಉಪಕಾರವಲ್ಲ, ಅವರ ಕರ್ತವ್ಯ.

ಈ ಪದ್ಧತಿಯ ಬೇರು ಇಂಗ್ಲೆಂಡಿನಲ್ಲಿದೆ. 1721ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅರ್ಲ್ ಕೂಪರ್ ಎಂಬವರು, ಸೌತ್ ಸೀ ಕಂಪೆನಿಯ ಹಗರಣದಲ್ಲಿ ಪಲಾಯನ ಮಾಡಿದ್ದ ಅದರ ಖಜಾಂಚಿಯು ಸೆರೆ ಸಿಕ್ಕಿದ್ದು ನಿಜವೇ ಎಂದು ಸರಕಾರವನ್ನು ಕೇಳಿದರು. ದಾಖಲಾದ ಮೊದಲ ಸಂಸದೀಯ ಪ್ರಶ್ನೆ ಅದೆಂದು ಹೇಳಲಾಗುತ್ತದೆ. ಭಾರತದಲ್ಲಿ ಬ್ರಿಟಿಷರ ಕಾಲದ 1892ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆಯು ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿತು. 1893ರಲ್ಲಿ ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? ಅಧಿಕಾರಿಗಳು ಊರೂರು ಸಂಚಾರ ಹೊರಟಾಗ ಅವರ ಬಿಡಾರಕ್ಕೆ ಸಾಮಾನು ಒದಗಿಸಬೇಕಾಗಿ ಬರುವ ಹಳ್ಳಿಯ ಅಂಗಡಿಯವರ ಕಷ್ಟದ ಕುರಿತು. ಮೊದಲ ಪ್ರಶ್ನೆಯೇ ಬಡ ಅಂಗಡಿಯವನ ಪರವಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಆಗ ಉಪಪ್ರಶ್ನೆ ಕೇಳಲು ಅವಕಾಶವಿರಲಿಲ್ಲ. 1909ರ ಸುಧಾರಣೆಯಲ್ಲಿ ಪ್ರಶ್ನೆ ಕೇಳಿದ ಸದಸ್ಯರಿಗೆ ಮಾತ್ರ ಅದು ದೊರೆಯಿತು, 1919ರ ನಂತರ ಎಲ್ಲ ಸದಸ್ಯರಿಗೂ ದೊರೆಯಿತು.

ಚುಕ್ಕೆ ಇರುವ ಪ್ರಶ್ನೆ, ಚುಕ್ಕೆ ಇಲ್ಲದ ಪ್ರಶ್ನೆ

ಸಂಸತ್ತಿನ ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕೆಂದು ಸದಸ್ಯರು ಬಯಸಿದರೆ ಆ ಪ್ರಶ್ನೆಗೆ ನಕ್ಷತ್ರದ ಗುರುತು ಹಾಕುತ್ತಾರೆ. ಇದನ್ನು ಕನ್ನಡದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಎನ್ನುತ್ತೇವೆ. ಇದಕ್ಕೆ ಉತ್ತರ ಬಂದ ನಂತರ ಸದಸ್ಯರು ಅಲ್ಲಿಯೇ ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ ಇಂತಹ 20 ಪ್ರಶ್ನೆಗಳು, ರಾಜ್ಯಸಭೆಯಲ್ಲಿ 15 ಪ್ರಶ್ನೆಗಳು ಪಟ್ಟಿಗೆ ಸೇರುತ್ತವೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ಅವಧಿ. ರಾಜ್ಯಸಭೆಯಲ್ಲಿ 2014ರ ಕೊನೆಯಿಂದ ಅದು ಮಧ್ಯಾಹ್ನ 12ಕ್ಕೆ ಆರಂಭವಾಗುತ್ತಿದೆ. ಒಂದು ಗಂಟೆಯಲ್ಲಿ ಪಟ್ಟಿಯ ಎಲ್ಲ ಪ್ರಶ್ನೆಗಳೂ ಮುಗಿಯುವುದು ತೀರಾ ಅಪರೂಪ. ಉಳಿದವುಗಳಿಗೆ ಲಿಖಿತ ಉತ್ತರವೇ ಗತಿ.

ಎರಡನೆಯದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಇದಕ್ಕೆ ಉತ್ತರ ಬರೆಹದಲ್ಲಿ ಮಾತ್ರ. ಉಪಪ್ರಶ್ನೆಗೆ ಅವಕಾಶವಿಲ್ಲ. ಲೋಕಸಭೆಯಲ್ಲಿ ದಿನಕ್ಕೆ 230, ರಾಜ್ಯಸಭೆಯಲ್ಲಿ 160 ಇಂತಹ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಇವಲ್ಲದೆ ತುರ್ತು ವಿಷಯಕ್ಕೆ ಅಲ್ಪಾವಧಿ ಸೂಚನೆಯ ಪ್ರಶ್ನೆ ಇದೆ. ಆದರೆ ಅದಕ್ಕೆ ಸಚಿವರ ಒಪ್ಪಿಗೆ ಬೇಕು.

ಬಾಯಿಮಾತಿನ ಪ್ರಶ್ನೆಯೇ ದೊಡ್ಡದು, ಲಿಖಿತ ಪ್ರಶ್ನೆ ಸಣ್ಣದು ಎಂದು ಅನೇಕರು ಎಣಿಸುತ್ತಾರೆ. ಹಾಗೇನೂ ಇಲ್ಲ. ಸದನದಲ್ಲಿ ಗದ್ದಲವೆದ್ದು ಕಲಾಪ ಮುಂದೂಡಲ್ಪಟ್ಟರೆ ಬಾಯಿಮಾತಿನ ಉತ್ತರಗಳು ಕೈತಪ್ಪುತ್ತವೆ. ಆದರೆ ಲಿಖಿತ ಉತ್ತರಗಳು ಸದನದ ಮೇಜಿಗೆ ಬಂದೇ ಬರುತ್ತವೆ. ಭಾಷಣದಲ್ಲಿ ಸಚಿವರು ಒಂದು ಮಾತನ್ನು ಜಾರಿಸಬಹುದು. ಬರೆದು ಕೊಟ್ಟ ಉತ್ತರವು ದಾಖಲೆಯಾಗಿ ಉಳಿಯುತ್ತದೆ. ಜಿಲ್ಲಾವಾರು, ವರ್ಷವಾರು ಅಂಕಿಅಂಶ ಬೇಕಾದರೆ ಲಿಖಿತ ಪ್ರಶ್ನೆಯೇ ಸರಿಯಾದ ದಾರಿ.

ಪ್ರಶ್ನೆಯ ಪ್ರಯಾಣ

ಒಬ್ಬ ಸಂಸದರು ಪ್ರಶ್ನೆ ಕೇಳಬೇಕಾದರೆ ಕನಿಷ್ಠ 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಲೋಕಸಭೆಯಲ್ಲಿ ಒಬ್ಬ ಸದಸ್ಯರು ಒಂದು ದಿನಕ್ಕೆ ಎರಡೂ ಬಗೆ ಸೇರಿ 5 ಸೂಚನೆಗಳನ್ನು ಕೊಡಬಹುದು. ಸಚಿವಾಲಯಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಗುಂಪಿಗೆ ಒಂದೊಂದು ದಿನ ಗೊತ್ತುಪಡಿಸಿರುತ್ತಾರೆ. ಸೂಚನೆಗಳು ನೂರಾರು ಬರುವುದರಿಂದ ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತುವ ಕ್ರಮದಲ್ಲಿ, ಈಗ ಗಣಕಯಂತ್ರದ ಮೂಲಕ ತೀರ್ಮಾನವಾಗುತ್ತದೆ. ಆಡಳಿತ ಪಕ್ಷದವರಾಗಲಿ ವಿರೋಧ ಪಕ್ಷದವರಾಗಲಿ, ಹಿರಿಯರಾಗಲಿ ಹೊಸಬರಾಗಲಿ, ಚೀಟಿಯ ಮುಂದೆ ಎಲ್ಲರೂ ಸಮಾನರು.

ಪ್ರಶ್ನೆಯನ್ನು ಸ್ವೀಕರಿಸಬೇಕೇ ಬೇಡವೇ ಎಂದು ನಿರ್ಧರಿಸುವ ಅಧಿಕಾರ ಲೋಕಸಭೆಯಲ್ಲಿ ಸ್ಪೀಕರ್ ಅವರಿಗೆ, ರಾಜ್ಯಸಭೆಯಲ್ಲಿ ಸಭಾಪತಿಗಳಿಗೆ ಇದೆ. ಸ್ವೀಕೃತವಾದ ಪ್ರಶ್ನೆ ಸಚಿವಾಲಯಕ್ಕೆ ತಲುಪಿದಾಗ ಅಲ್ಲಿ ನಿಜವಾದ ಓಡಾಟ ಆರಂಭವಾಗುತ್ತದೆ. ಕಡತಗಳು ಹೊರಬರುತ್ತವೆ, ರಾಜ್ಯ ಸರಕಾರಗಳಿಂದ ಮಾಹಿತಿ ತರಿಸುತ್ತಾರೆ, ಕೆಳಗಿನ ಅಧಿಕಾರಿ ಬರೆದ ಕರಡನ್ನು ಮೇಲಿನವರು ತಿದ್ದುತ್ತಾರೆ, ಕೊನೆಗೆ ಸಚಿವರು ಒಪ್ಪಿಗೆ ನೀಡುತ್ತಾರೆ. ವರ್ಷಗಟ್ಟಲೆ ಧೂಳು ಹಿಡಿದಿದ್ದ ಕಡತವೊಂದು ಒಂದು ಪ್ರಶ್ನೆಯ ಕಾರಣದಿಂದ ಮೇಜಿನ ಮೇಲೆ ಬರುವುದುಂಟು. ಉತ್ತರ ಬರುವ ಮುಂಚೆಯೇ ಪ್ರಶ್ನೆ ಅರ್ಧ ಕೆಲಸ ಮಾಡಿರುತ್ತದೆ.

ಹೇಗೆ ಕೇಳಬೇಕು, ಹೇಗೆ ಕೇಳಬಾರದು?

ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 41ನೇ ನಿಯಮವು ಪ್ರಶ್ನೆ ಹೇಗಿರಬೇಕೆಂದು ವಿವರಿಸುತ್ತದೆ. ಪ್ರಶ್ನೆ ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಬಾರದು. ಅದರಲ್ಲಿ ವಾದ, ವ್ಯಂಗ್ಯ, ಆರೋಪ, ಮಾನಹಾನಿಯ ಮಾತು ಇರಬಾರದು. ಸಚಿವರ ಅಭಿಪ್ರಾಯವನ್ನು ಕೇಳುವಂತಿಲ್ಲ. "ಹೀಗಾದರೆ ಏನು ಮಾಡುತ್ತೀರಿ" ಎಂಬ ಊಹೆಯ ಪ್ರಶ್ನೆ ಸಲ್ಲದು. ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ವಿಷಯವನ್ನು ಕೇಳುವಂತಿಲ್ಲ. ಈಗಾಗಲೇ ಉತ್ತರ ಕೊಟ್ಟಿರುವುದನ್ನು ಮತ್ತೆ ಕೇಳುವಂತಿಲ್ಲ. ಕೇಂದ್ರ ಸರಕಾರದ ಹೊಣೆಗೆ ಸೇರದ ವಿಷಯವನ್ನೂ ಕೇಳುವಂತಿಲ್ಲ.

ಒಂದು ಉದಾಹರಣೆ ನೋಡೋಣ. ರಾಷ್ಟ್ರೀಯ ಹೆದ್ದಾರಿ 66ರ ಕುರಿತು ನಮ್ಮ ಕರಾವಳಿಯವರಿಗೆ ಬೇಸರವಿರುವುದು ಸಹಜ. ಆದರೆ "ಹೆದ್ದಾರಿ ಕೆಲಸ ಆಮೆಗತಿಯಲ್ಲಿ ಸಾಗುತ್ತಿದ್ದರೂ ಸಚಿವರು ನಿದ್ರಿಸುತ್ತಿರುವುದೇಕೆ?" ಎಂದು ಕೇಳಿದರೆ ಆ ಪ್ರಶ್ನೆ ಪಟ್ಟಿಗೇ ಸೇರುವುದಿಲ್ಲ. ಅದನ್ನೇ ಹೀಗೆ ಕೇಳಬಹುದು:

(ಅ) ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಕುಂದಾಪುರದವರೆಗೆ ಮಂಜೂರಾಗಿರುವ ಸರ್ವಿಸ್ ರಸ್ತೆಗಳ ಉದ್ದವೆಷ್ಟು; ಅದರಲ್ಲಿ ಪೂರ್ಣಗೊಂಡಿರುವುದೆಷ್ಟು;
(ಆ) ಕಳೆದ ಮೂರು ವರ್ಷಗಳಲ್ಲಿ, ವರ್ಷವಾರು, ಈ ಭಾಗದಲ್ಲಿ ಅಪಘಾತಗಳಲ್ಲಿ ಮೃತಪಟ್ಟವರ ಸಂಖ್ಯೆ ಎಷ್ಟು;
(ಇ) ಬಾಕಿ ಕಾಮಗಾರಿ ಮುಗಿಸಲು ನಿಗದಿಪಡಿಸಿರುವ ದಿನಾಂಕ ಯಾವುದು; ವಿಳಂಬಕ್ಕೆ ಕಾರಣಗಳೇನು?

ಎರಡನೆಯ ಪ್ರಶ್ನೆಯಲ್ಲಿ ಸಿಟ್ಟಿಲ್ಲ. ಆದರೆ ಜಾರಿಕೊಳ್ಳಲು ದಾರಿಯೂ ಇಲ್ಲ. ಉದ್ದ, ಸಂಖ್ಯೆ, ದಿನಾಂಕ ಮೂರನ್ನೂ ಸಚಿವರು ಬರೆದು ಕೊಡಬೇಕು. ಮುಂದಿನ ಅಧಿವೇಶನದಲ್ಲಿ ಅದೇ ದಿನಾಂಕವನ್ನು ಹಿಡಿದು ಮತ್ತೊಂದು ಪ್ರಶ್ನೆ ಕೇಳಬಹುದು.

ಮೂರು ಉತ್ತರಗಳು, ಮೂರು ಪಾಠಗಳು

ಲಿಖಿತ ಉತ್ತರಗಳನ್ನು ಓದುವುದೂ ಒಂದು ವಿದ್ಯೆ. ಇತ್ತೀಚಿನ ವರ್ಷಗಳ ಮೂರು ಉತ್ತರಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮೂರರಲ್ಲಿಯೂ ಬಡವರ ಪ್ರಾಣದ ವಿಷಯವಿದೆ.

ಮೊದಲನೆಯದು ಚರಂಡಿ ಮತ್ತು ಮಲದ ಗುಂಡಿಗಳಿಗೆ ಇಳಿಯುವ ಕಾರ್ಮಿಕರದ್ದು. 2021ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಕರ್ನಾಟಕದ ಸದಸ್ಯರಾದ ಮಲ್ಲಿಕಾರ್ಜುನ ಖರ್ಗೆ ಮತ್ತು ಎಲ್. ಹನುಮಂತಯ್ಯ ಈ ಕುರಿತು ಪ್ರಶ್ನೆ ಕೇಳಿದರು. ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವ ರಾಮದಾಸ ಅಠಾವಳೆ ಅವರು, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ ಎಂದು ಉತ್ತರಿಸಿದರು. ದೇಶವೇ ಬೆರಗಾಯಿತು. ಏಕೆಂದರೆ ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಸಚಿವಾಲಯವು ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, 2020ರ ಡಿಸೆಂಬರ್ 31ರವರೆಗಿನ ಐದು ವರ್ಷಗಳಲ್ಲಿ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸುವಾಗ 340 ಮಂದಿ ಸತ್ತಿದ್ದಾರೆ ಎಂದು ಹೇಳಿತ್ತು.

ಒಂದೇ ಸರಕಾರ, ಒಂದೇ ಸಚಿವಾಲಯ. ಒಮ್ಮೆ ಸೊನ್ನೆ, ಒಮ್ಮೆ 340. ಇದು ಹೇಗೆ ಸಾಧ್ಯ? ಉತ್ತರ 2013ರ ಕಾಯಿದೆಯ ವ್ಯಾಖ್ಯೆಯಲ್ಲಿದೆ. ಆ ಕಾಯಿದೆಯಲ್ಲಿ ಕೈಯಿಂದ ಮಲ ಎತ್ತುವುದು ಬೇರೆ, ರಕ್ಷಣಾ ಸಾಧನವಿಲ್ಲದೆ ಚರಂಡಿಗೆ ಇಳಿಯುವ ಅಪಾಯಕಾರಿ ಶುಚಿಕಾರ್ಯ ಬೇರೆ. ಮೊದಲ ಶಬ್ದ ಬಳಸಿ ಕೇಳಿದರೆ ಸೊನ್ನೆ ಬರುತ್ತದೆ, ಎರಡನೆಯ ಶಬ್ದ ಬಳಸಿ ಕೇಳಿದರೆ 340 ಬರುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಈ ಕಾರ್ಮಿಕರಿಗಾಗಿ ಜೀವನವನ್ನೇ ಮುಡಿಪಾಗಿಟ್ಟ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ಸೊನ್ನೆಯ ಉತ್ತರವನ್ನು ಬಲವಾಗಿ ಆಕ್ಷೇಪಿಸಿದರು. ಈ ಲೆಕ್ಕ ಬರೀ ಲೆಕ್ಕವಲ್ಲ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆದೇಶಿಸಿತ್ತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಲೆಕ್ಕಕ್ಕೆ ಬಾರದ ಸಾವಿಗೆ ಪರಿಹಾರ ಕೇಳುವುದು ಕಷ್ಟ. ಪಾಠವೇನೆಂದರೆ, ಪ್ರಶ್ನೆಯ ಶಬ್ದವು ಕಾಯಿದೆಯ ಶಬ್ದದೊಂದಿಗೆ ಹೊಂದಿಕೆಯಾಗಬೇಕು.

ಎರಡನೆಯದು ಲಾಕ್‌ಡೌನ್ ಕಾಲದ್ದು. 2020ರ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ, ಊರಿಗೆ ಮರಳುವ ದಾರಿಯಲ್ಲಿ ಪ್ರಾಣಬಿಟ್ಟ ವಲಸೆ ಕಾರ್ಮಿಕರ ಸಂಖ್ಯೆ ಎಷ್ಟು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ ಎಂದು ಕೇಳಲಾಯಿತು. ಅಂತಹ ಅಂಕಿಅಂಶ ಇಟ್ಟುಕೊಂಡಿಲ್ಲ, ಆದುದರಿಂದ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಊರಿಗೆ ಮರಳಿದವರು 1 ಕೋಟಿ 4 ಲಕ್ಷಕ್ಕೂ ಹೆಚ್ಚು ಎಂದು ಲೆಕ್ಕವಿತ್ತು, ಸತ್ತವರ ಲೆಕ್ಕವಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ರಾಜ್ಯಸಭೆಯಲ್ಲಿ ರೈಲ್ವೆ ಸಚಿವರಿಗೆ ಹಾಕಿದ ಪ್ರಶ್ನೆಗೆ, ಶ್ರಮಿಕ ವಿಶೇಷ ರೈಲುಗಳಲ್ಲಿ ಪ್ರಯಾಣಿಸುವಾಗ ಸೆಪ್ಟೆಂಬರ್ 9ರವರೆಗೆ 97 ಮಂದಿ ಸತ್ತಿದ್ದಾರೆ ಎಂಬ ಉತ್ತರ ಬಂದಿತು. ರೈಲ್ವೆಯವರಲ್ಲಿ ದಾಖಲೆಯಿತ್ತು, ಕಾರ್ಮಿಕ ಸಚಿವಾಲಯದಲ್ಲಿ ಇರಲಿಲ್ಲ. ದಾಖಲೆ ಯಾರ ಕೈಯಲ್ಲಿದೆಯೋ ಅವರನ್ನೇ ಕೇಳಬೇಕು ಎಂಬುದು ಎರಡನೆಯ ಪಾಠ. "ನಮ್ಮಲ್ಲಿ ಅಂಕಿಅಂಶವಿಲ್ಲ" ಎಂಬ ಉತ್ತರವೂ ವ್ಯರ್ಥವಲ್ಲ. ಸರಕಾರ ಏನನ್ನು ಲೆಕ್ಕ ಹಾಕದೆ ಬಿಟ್ಟಿದೆ ಎಂಬುದಕ್ಕೆ ಅದುವೇ ಲಿಖಿತ ಸಾಕ್ಷಿ.

ಮೂರನೆಯದು ನಮ್ಮ ರಾಜ್ಯಕ್ಕೆ ತೀರಾ ಹತ್ತಿರದ್ದು. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯೇ ಕಾರಣವೆಂದು ಕುಟುಂಬದವರು ಕಣ್ಣೀರಿಟ್ಟರು. ಹೈಕೋರ್ಟು ನೇಮಿಸಿದ ಸಮಿತಿಯೂ ವಿಚಾರಣೆ ನಡೆಸಿತು. ಆದರೆ ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಆರೋಗ್ಯ ಖಾತೆಯು ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದ ಬಗ್ಗೆ ರಾಜ್ಯಗಳಿಂದ ನಿರ್ದಿಷ್ಟವಾಗಿ ವರದಿ ಬಂದಿಲ್ಲ ಎಂದಿತು. ಈ ವಾಕ್ಯವನ್ನು ನಿಧಾನವಾಗಿ ಓದಬೇಕು. ಸಾವು ಆಗಿಲ್ಲ ಎಂದು ಅದು ಹೇಳುವುದಿಲ್ಲ, ವರದಿ ಬಂದಿಲ್ಲ ಎನ್ನುತ್ತದೆ. ಆರೋಗ್ಯವು ರಾಜ್ಯದ ವಿಷಯ. ರಾಜ್ಯ ಬರೆದು ಕಳುಹಿಸದಿದ್ದರೆ ಕೇಂದ್ರದ ಉತ್ತರದಲ್ಲಿ ಆ ಸಾವು ಇರುವುದಿಲ್ಲ. ಆಗ ಪ್ರಶ್ನೆ ರಾಜ್ಯದ ಕಡೆಗೆ ತಿರುಗಬೇಕು: ನೀವು ಏಕೆ ವರದಿ ಕಳುಹಿಸಲಿಲ್ಲ? ಅದನ್ನು ಕೇಳಬೇಕಾದ ಜಾಗ ವಿಧಾನಸಭೆ. ಉತ್ತರದಲ್ಲಿ ಏನು ಬರೆದಿದೆಯೋ ಅಷ್ಟನ್ನೇ ಓದಬೇಕು, ಬರೆಯದೆ ಬಿಟ್ಟಿದ್ದನ್ನೂ ಗಮನಿಸಬೇಕು ಎಂಬುದು ಮೂರನೆಯ ಪಾಠ.

"ಪರಿಶೀಲಿಸಲಾಗುವುದು" ಎಂದರೆ ಏನು?

ಸಚಿವರ ಉತ್ತರಗಳಲ್ಲಿ "ವಿಷಯ ಪರಿಶೀಲನೆಯಲ್ಲಿದೆ", "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು ಸದನದ ಮೇಜಿನ ಮೇಲೆ ಇಡಲಾಗುವುದು" ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಓದಿದವರಿಗೆ ಇದು ನುಣುಚಿಕೊಳ್ಳುವ ಮಾತೆಂದು ಅನ್ನಿಸುತ್ತದೆ. ಆದರೆ ಸಂಸತ್ತಿನ ನಿಯಮದಂತೆ ಇಂತಹ ಮಾತುಗಳಿಗೆ ಬೆಲೆಯಿದೆ. ಇವುಗಳನ್ನು ಸರಕಾರದ ಭರವಸೆಗಳೆಂದು ಪಟ್ಟಿ ಮಾಡಲಾಗುತ್ತದೆ. ಮೂರು ತಿಂಗಳೊಳಗೆ ಅವುಗಳನ್ನು ಈಡೇರಿಸಬೇಕು. ಆಗದಿದ್ದರೆ ಸಚಿವಾಲಯವು ಕಾರಣ ಕೊಟ್ಟು ಹೆಚ್ಚಿನ ಸಮಯ ಕೇಳಬೇಕು.

ಇದರ ಮೇಲೆ ಕಣ್ಣಿಡಲು ಸರಕಾರಿ ಭರವಸೆಗಳ ಸಮಿತಿ ಎಂಬುದಿದೆ. ಲೋಕಸಭೆಯಲ್ಲಿ ಇದು 1953ರಲ್ಲಿ, ರಾಜ್ಯಸಭೆಯಲ್ಲಿ 1972ರಲ್ಲಿ ರಚನೆಯಾಯಿತು. ಲೋಕಸಭೆಯ ಸಮಿತಿಯಲ್ಲಿ 15 ಸದಸ್ಯರಿರುತ್ತಾರೆ. ಸಚಿವರು ಇದರ ಸದಸ್ಯರಾಗುವಂತಿಲ್ಲ. ಕೊಟ್ಟ ಮಾತು ಏನಾಯಿತೆಂದು ಕೇಳಲು ಅಧಿಕಾರಿಗಳನ್ನು ಕರೆಸುವ ಅಧಿಕಾರ ಸಮಿತಿಗಿದೆ. ಕೆಲವು ಭರವಸೆಗಳು ವರ್ಷಗಟ್ಟಲೆ ಬಾಕಿ ಉಳಿಯುತ್ತವೆ, ಕೆಲವನ್ನು ಸಚಿವಾಲಯದ ಕೋರಿಕೆಯ ಮೇರೆಗೆ ಕೈಬಿಡಲಾಗುತ್ತದೆ ಎಂಬುದೂ ನಿಜ. ಆದರೂ ಪಟ್ಟಿ ಇರುವವರೆಗೆ ಕೇಳುವ ದಾರಿ ಇದೆ.

ಉತ್ತರ ಸಾಲದೆಂದು ಅನ್ನಿಸಿದರೆ ಸದಸ್ಯರು ಅರ್ಧ ಗಂಟೆಯ ಚರ್ಚೆಗೆ ಸೂಚನೆ ಕೊಡಬಹುದು. ಕೊಟ್ಟ ಉತ್ತರದಲ್ಲಿ ತಪ್ಪಿದೆಯೆಂದು ತಿಳಿದಾಗ ಸಚಿವರು ಸದನದಲ್ಲಿ ತಿದ್ದುಪಡಿ ಹೇಳಿಕೆ ನೀಡಬೇಕು. ತಿಳಿದೂ ತಿಳಿದೂ ಸದನವನ್ನು ದಾರಿ ತಪ್ಪಿಸಿದರೆ ಅದು ಹಕ್ಕುಚ್ಯುತಿಯಾಗುತ್ತದೆ.

ಸಚಿವರನ್ನೇ ಇಳಿಸಿದ ಪ್ರಶ್ನೆ

ಒಂದು ಪ್ರಶ್ನೆಯಿಂದ ಏನಾದೀತು ಎಂದು ಕೇಳುವವರಿಗೆ 1957ರ ಮುಂದ್ರಾ ಪ್ರಕರಣ ಉತ್ತರ. ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪೆನಿಗಳ ಶೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಖರೀದಿಸಿತ್ತು. ಅದು ಬಡವರೂ ಮಧ್ಯಮ ವರ್ಗದವರೂ ಪ್ರೀಮಿಯಂ ಕಟ್ಟಿ ಕೂಡಿಸಿದ ಹಣ. ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್ ಅವರು ಇದರ ಬಗ್ಗೆ ಪ್ರಶ್ನೆ ಎತ್ತಿದರು. ಬಂದ ಉತ್ತರದಿಂದ ಯಾರಿಗೂ ಸಮಾಧಾನವಾಗಲಿಲ್ಲ. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ದಾಖಲೆಗಳೊಂದಿಗೆ ವಿಷಯವನ್ನು ಸದನದ ಮುಂದಿಟ್ಟರು. ಗಮನಿಸಿ, ಇಬ್ಬರೂ ಆಡಳಿತ ಪಕ್ಷವಾದ ಕಾಂಗ್ರೆಸಿನವರೇ. ಫಿರೋಜ್ ಗಾಂಧಿಯವರಂತೂ ಪ್ರಧಾನಿ ನೆಹರೂ ಅವರ ಅಳಿಯ.

ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವು ಬಹಿರಂಗ ವಿಚಾರಣೆ ನಡೆಸಿ ವಾರಗಳಲ್ಲಿಯೇ ಕೆಲಸ ಮುಗಿಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ತನ್ನ ಪಕ್ಷದ ಸಚಿವರನ್ನು ಪ್ರಶ್ನಿಸುವುದು ಪಕ್ಷದ್ರೋಹವಲ್ಲ, ಮತದಾರರಿಗೆ ಸಲ್ಲಿಸುವ ಸೇವೆ ಎಂದು ಅಂದಿನ ಸದಸ್ಯರು ತೋರಿಸಿಕೊಟ್ಟರು.

ಕಳಂಕವೂ ಇದೆ

ಬೆಲೆಯುಳ್ಳ ವಸ್ತುವನ್ನು ಮಾರುವವರೂ ಇರುತ್ತಾರೆ. 2005ರ ಡಿಸೆಂಬರಿನಲ್ಲಿ ದೂರದರ್ಶನ ವಾಹಿನಿಯೊಂದು ಪ್ರಸಾರ ಮಾಡಿದ ಗುಪ್ತ ಚಿತ್ರೀಕರಣದಲ್ಲಿ, ಪ್ರಶ್ನೆ ಕೇಳಲು ಸಂಸದರು ಹಣ ಪಡೆಯುವುದು ಕಂಡುಬಂದಿತು. ಅದೇ ತಿಂಗಳ 23ರಂದು ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬರು, ಹೀಗೆ 11 ಸದಸ್ಯರನ್ನು ಉಚ್ಚಾಟಿಸಲಾಯಿತು. ಅವರು ಒಂದೇ ಪಕ್ಷದವರಾಗಿರಲಿಲ್ಲ. 2007ರಲ್ಲಿ ಸುಪ್ರೀಂ ಕೋರ್ಟು ಈ ಉಚ್ಚಾಟನೆಯನ್ನು ಎತ್ತಿಹಿಡಿಯಿತು. 2023ರ ಡಿಸೆಂಬರಿನಲ್ಲಿ ಪ್ರಶ್ನೆ ಸಲ್ಲಿಸುವ ಜಾಲತಾಣದ ಗುಪ್ತಪದವನ್ನು ಬೇರೆಯವರಿಗೆ ಕೊಟ್ಟ ವಿಚಾರದಲ್ಲಿ ಪಶ್ಚಿಮ ಬಂಗಾಳದ ಸಂಸದೆ ಮಹುವಾ ಮೊಯಿತ್ರಾ ಅವರ ಉಚ್ಚಾಟನೆಯಾಯಿತು. ಪ್ರಶ್ನೆಗಾಗಿ ಲಂಚ ಪಡೆದ ಆರೋಪವನ್ನು ಅವರು ನಿರಾಕರಿಸಿದರು, 2024ರ ಚುನಾವಣೆಯಲ್ಲಿ ಮತ್ತೆ ಗೆದ್ದು ಬಂದರು. ಯಾರ ಪರ, ಯಾರ ವಿರುದ್ಧ ಎಂಬುದಕ್ಕಿಂತ ಮುಖ್ಯವಾದುದು ಒಂದಿದೆ. ಪ್ರಶ್ನೆ ಜನರದ್ದಾಗಿರಬೇಕು, ವ್ಯಾಪಾರಿಯದ್ದಾಗಿರಬಾರದು.

ಇನ್ನೊಂದು ಅಪಾಯ ಪ್ರಶ್ನೋತ್ತರ ಅವಧಿಯೇ ಇಲ್ಲವಾಗುವುದು. 2020ರ ಮುಂಗಾರು ಅಧಿವೇಶನದಲ್ಲಿ ಕೊರೋನಾ ಕಾರಣದಿಂದ ಪ್ರಶ್ನೋತ್ತರ ಅವಧಿಯನ್ನು ಕೈಬಿಡಲಾಯಿತು. ವಿರೋಧ ಪಕ್ಷಗಳು ಪ್ರತಿಭಟಿಸಿದ ಮೇಲೆ ಲಿಖಿತ ಉತ್ತರಗಳಿಗೆ ಅವಕಾಶ ದೊರೆಯಿತು. ಮೇಲೆ ಹೇಳಿದ ವಲಸೆ ಕಾರ್ಮಿಕರ ಉತ್ತರಗಳು ಬಂದದ್ದು ಅದೇ ಅಧಿವೇಶನದಲ್ಲಿ. ಬಾಯಿಮಾತಿನ ಬಾಗಿಲು ಮುಚ್ಚಿದ್ದರೂ ಬರೆಹದ ಕಿಟಕಿ ತೆರೆದಿತ್ತು.

ಕರಾವಳಿಯ ನಾವು ಏನು ಮಾಡಬಹುದು?

ಅಳದ ಹೊರತು ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯಿದೆ. ನಮ್ಮ ಸಂಸದರು ಪ್ರಶ್ನೆ ಕೇಳಬೇಕಾದರೆ ನಾವು ಅವರಿಗೆ ವಿಷಯ ಒದಗಿಸಬೇಕು. ಅದಕ್ಕೆ ಮೊದಲು ಯಾವ ವಿಷಯ ಯಾರದ್ದು ಎಂದು ತಿಳಿದಿರಬೇಕು.

ರಾಷ್ಟ್ರೀಯ ಹೆದ್ದಾರಿ, ಕೊಂಕಣ ರೈಲ್ವೆ, ಮಂಗಳೂರು ವಿಮಾನ ನಿಲ್ದಾಣ, ನವಮಂಗಳೂರು ಬಂದರು, ಎಂಆರ್‌ಪಿಎಲ್, ಕರಾವಳಿ ನಿಯಂತ್ರಣ ವಲಯದ ನಿಯಮಗಳು, ವಿದೇಶದಲ್ಲಿರುವ ಭಾರತೀಯರ ಕಷ್ಟಸುಖ ಇವೆಲ್ಲ ಕೇಂದ್ರಕ್ಕೆ ಸೇರಿದವು. ಗಲ್ಫ್ ರಾಷ್ಟ್ರಗಳ ಜೈಲುಗಳಲ್ಲಿ ಎಷ್ಟು ಭಾರತೀಯರಿದ್ದಾರೆ ಎಂಬ ದೇಶವಾರು ಪಟ್ಟಿಯನ್ನು ವಿದೇಶಾಂಗ ಸಚಿವಾಲಯವು ಅನೇಕ ಬಾರಿ ಲಿಖಿತ ಉತ್ತರಗಳಲ್ಲಿಯೇ ಕೊಟ್ಟಿದೆ. ಪೊಲೀಸ್, ಸರಕಾರಿ ಆಸ್ಪತ್ರೆ, ಪಡಿತರ ಚೀಟಿಯ ವಿತರಣೆ, ರಾಜ್ಯ ಹೆದ್ದಾರಿ ಇವು ರಾಜ್ಯದ ಹೊಣೆ. ಇವುಗಳಿಗೆ ಶಾಸಕರ ಮೂಲಕ ವಿಧಾನಸಭೆಯಲ್ಲಿ ಅಥವಾ ವಿಧಾನ ಪರಿಷತ್ತಿನಲ್ಲಿ ಪ್ರಶ್ನೆ ಕೇಳಿಸಬೇಕು. ಮೀನುಗಾರಿಕೆಯಲ್ಲಿ ಎರಡೂ ಇದೆ. ದಡದಿಂದ 12 ನಾಟಿಕಲ್ ಮೈಲಿಗಳವರೆಗಿನ ಮೀನುಗಾರಿಕೆ ರಾಜ್ಯಕ್ಕೆ, ಅದರಾಚೆಯದ್ದು ಕೇಂದ್ರಕ್ಕೆ ಸೇರಿದೆ. ಬೀದಿದೀಪ, ಕುಡಿಯುವ ನೀರಿನ ನಳ್ಳಿಗೆ ದೆಹಲಿಯವರೆಗೆ ಹೋಗಬೇಕಾಗಿಲ್ಲ, ಪಂಚಾಯತಿಯ ಗ್ರಾಮಸಭೆ ಸಾಕು.

ಎರಡನೆಯದಾಗಿ, ಹಿಂದೆ ಇದೇ ವಿಷಯದಲ್ಲಿ ಉತ್ತರ ಬಂದಿದೆಯೇ ಎಂದು ನೋಡಬೇಕು. ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಎರಡೂ ಸದನಗಳ ಪ್ರಶ್ನೋತ್ತರಗಳು ಸಿಗುತ್ತವೆ. ಸದಸ್ಯರ ಹೆಸರು, ಸಚಿವಾಲಯ, ವಿಷಯ ಯಾವುದರಿಂದಲೂ ಹುಡುಕಬಹುದು. ಇದಕ್ಕೆ ಶುಲ್ಕವಿಲ್ಲ, ಅರ್ಜಿಯೂ ಬೇಡ. ನಮ್ಮ ಸಂಸದರು ಎಷ್ಟು ಪ್ರಶ್ನೆ ಕೇಳಿದ್ದಾರೆ, ಅವುಗಳಲ್ಲಿ ನಮ್ಮ ಊರಿನದ್ದು ಎಷ್ಟು ಎಂಬುದನ್ನೂ ಅಲ್ಲಿಯೇ ತಿಳಿಯಬಹುದು. ಆದರೆ ಬರೀ ಎಣಿಕೆಯಿಂದ ಅಳೆಯಬಾರದು. ನೂರು ಸಡಿಲ ಪ್ರಶ್ನೆಗಿಂತ ಬಿಗಿಯಾದ ಒಂದು ಪ್ರಶ್ನೆ ಮೇಲು. ಸಂಸದರು ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ, ಉತ್ತರಿಸುವ ಕಡೆಯಲ್ಲಿರುತ್ತಾರೆ ಎಂಬುದನ್ನೂ ನೆನಪಿಡಬೇಕು. ಆಗ ರಾಜ್ಯಸಭೆಯಲ್ಲಿರುವ ಕರ್ನಾಟಕದ 12 ಸದಸ್ಯರಲ್ಲಿ ಒಬ್ಬರನ್ನು ಸಂಪರ್ಕಿಸಬಹುದು.

ಮೂರನೆಯದಾಗಿ, ಮನವಿ ಚಿಕ್ಕದಾಗಿರಲಿ. ಹತ್ತು ಪುಟದ ದೂರಿಗಿಂತ ಅರ್ಧ ಪುಟದ ಮೂರು ಪ್ರಶ್ನೆಗಳು ಸಂಸದರ ಕಚೇರಿಗೆ ಹೆಚ್ಚು ಉಪಯೋಗ. ಸ್ಥಳ, ವರ್ಷ, ಯೋಜನೆಯ ಹೆಸರು ಸ್ಪಷ್ಟವಾಗಿರಲಿ. ಅಧಿವೇಶನ ಆರಂಭವಾದ ಮೇಲೆ ಓಡುವುದಲ್ಲ, ಒಂದು ತಿಂಗಳ ಮುಂಚೆಯೇ ಕೊಡಬೇಕು. ಬಜೆಟ್, ಮುಂಗಾರು, ಚಳಿಗಾಲ ಹೀಗೆ ವರ್ಷಕ್ಕೆ ಮೂರು ಅವಕಾಶಗಳಿವೆ. ಮೀನುಗಾರರ ಸಹಕಾರಿ ಸಂಘ, ಮಹಿಳಾ ಮಂಡಲ, ಯುವಕ ಸಂಘ, ನಿವೃತ್ತರ ಸಂಘ ಯಾವುದಾದರೂ ಒಂದು ಸಂಸ್ಥೆಯ ಮೂಲಕ ಕೊಟ್ಟರೆ ಇನ್ನೂ ಒಳ್ಳೆಯದು.

ನಾಲ್ಕನೆಯದಾಗಿ, ಬಂದ ಉತ್ತರವನ್ನು ಊರಿನಲ್ಲಿ ನಿಂತು ಪರೀಕ್ಷಿಸಬೇಕು. ಕೆಲಸ ಮುಗಿದಿದೆ ಎಂದು ಉತ್ತರದಲ್ಲಿದ್ದು, ಊರಿನಲ್ಲಿ ಹೊಂಡ ಮಾತ್ರ ಇದ್ದರೆ ಅದರ ಚಿತ್ರ ತೆಗೆದು, ದಿನಾಂಕ ಬರೆದು ಸಂಸದರಿಗೂ ಪತ್ರಿಕೆಗಳಿಗೂ ಕಳುಹಿಸಬೇಕು. ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕಡತದ ಪ್ರತಿಯನ್ನೂ ಕೇಳಬಹುದು. ಅಧಿಕಾರಿಗಳು 30 ದಿನಗಳೊಳಗೆ ಉತ್ತರಿಸಬೇಕು. ಸಂಸತ್ತಿನ ಪ್ರಶ್ನೆ ಸಚಿವರನ್ನು ಮಾತಿಗೆ ಕಟ್ಟಿಹಾಕುತ್ತದೆ, ಮಾಹಿತಿ ಹಕ್ಕು ಆ ಮಾತಿನ ಹಿಂದಿರುವ ಕಾಗದವನ್ನು ಹೊರಗೆ ತರುತ್ತದೆ. ಎರಡನ್ನೂ ಒಟ್ಟಿಗೆ ಬಳಸಿದವರಿಗೆ ಹೆಚ್ಚು ಫಲ ಸಿಗುತ್ತದೆ.

ಲಿಖಿತ ಪ್ರಶ್ನೆಯಿಂದ ಎಲ್ಲ ಕಷ್ಟಗಳೂ ತೀರುತ್ತವೆ ಎಂದು ನಾವು ಹೇಳುವುದಿಲ್ಲ. ಸಚಿವರು ಅರೆಬರೆ ಉತ್ತರ ಕೊಡುವುದುಂಟು, ಹೊಣೆಯನ್ನು ರಾಜ್ಯದ ಮೇಲೆ ಹಾಕುವುದುಂಟು, ಲೆಕ್ಕವೇ ಇಲ್ಲವೆನ್ನುವುದುಂಟು. ಆದರೂ ಚರಂಡಿಯಲ್ಲಿ ಸತ್ತ 340 ಮಂದಿಯ ಮತ್ತು ರೈಲಿನಲ್ಲಿ ಸತ್ತ 97 ಮಂದಿಯ ಲೆಕ್ಕವನ್ನು ಸರಕಾರವೇ ಬರೆದು ಒಪ್ಪಿಕೊಂಡದ್ದು ಯಾರೋ ಒಬ್ಬ ಸದಸ್ಯರು ಕೇಳಿದ್ದರಿಂದ. ಕೇಳದೆ ಇದ್ದಿದ್ದರೆ ಆ ಲೆಕ್ಕವೂ ಇರುತ್ತಿರಲಿಲ್ಲ. ಮುಂದಿನ ಅಧಿವೇಶನಕ್ಕೆ ಮೊದಲು ನಮ್ಮ ಊರಿನ ಒಂದು ಕಷ್ಟವನ್ನು ಮೂರು ಸಾಲಿನ ಪ್ರಶ್ನೆಯಾಗಿ ಬರೆದು ನಮ್ಮ ಸಂಸದರ ಕಚೇರಿಗೆ ತಲುಪಿಸೋಣ. ಉತ್ತರ ಬಂದ ದಿನ ಅದನ್ನು ನಾಲ್ಕು ಜನರ ಮುಂದೆ ಓದೋಣ.